ಹಿಂದಕ್ಕಿಡುವ ಹೆಜ್ಜೆ

ಪೊಲೀಸ್ ಪಿಸ್ತೂಲು ತಂಡದ ಆಯ್ಕೆಗೆ ಬಂದಿದ್ದ ಹನ್ನೊಂದು ಮಂದಿಯೂ ನಿಂತಲ್ಲಿಂದ ಚೆನ್ನಾಗಿಯೇ ಹೊಡೆದರು. ಚಲಿಸುತ್ತಾ ಹೊಡೆಯಬೇಕಾಗಿ ಬಂದಾಗ, ಕಾನ್‌ಸ್ಟೆಬಲ್ ನೀಲವ್ವ ಒಬ್ಬಳನ್ನು ಬಿಟ್ಟು ಎಲ್ಲರೂ ಮುಗ್ಗರಿಸಿದರು.

ಅವಳು ಮಂಡಿ ಸಡಿಲಿಸಿ, ಸಣ್ಣ ಸಣ್ಣ ಹೆಜ್ಜೆಯಿಟ್ಟು, ತಿರುಗಿ ನೋಡದೆ ಹಿಂದಕ್ಕೆ ಸರಿದಳು. ಕಣ್ಣು ಗುರಿಯಿಂದ ಕದಲಲಿಲ್ಲ. ಬೆನ್ನು ಗೋಡೆಗೆ ತಾಗುವ ಮೊದಲೇ ಪಕ್ಕಕ್ಕೆ ಜಾರಿಕೊಂಡಳು.

ತರಬೇತುದಾರ ಚೆಂಗಪ್ಪನವರು ಹತ್ತಿರ ಬಂದರು. "ಇದನ್ನ ಕಲಿಸೋಕೆ ನನಗೆ ವರ್ಷ ಹಿಡಿಯುತ್ತೆ. ನೀನು ಎಲ್ಲಿ ಕಲಿತೆ?"

"ಮನ್ಯಾಗರಿ ಸರ್."

"ಯಾರು ಕಲಿಸಿದ್ದು?"

ನೀಲವ್ವ ಪಿಸ್ತೂಲು ಖಾಲಿ ಮಾಡಿ ತೋರಿಸಿದಳು. "ನಮ್ಮ ಮನಿಯವ್ರು."

"ಮೂರು ತಿಂಗಳ ಶಿಬಿರಕ್ಕೆ ನಿನ್ನ ಹೆಸರು ಬರೀತೀನಿ. ಅಲ್ಲೇ ಉಳಿಯಬೇಕಾಗುತ್ತೆ."

ಅವಳ ಮುಖ ಅರಳಿತು.

"ನಿನ್ನ ಗಂಡನನ್ನೂ ಕರೆಸ್ತೀನಿ. ಜೊತೇಲೇ ಇದ್ದು ಉಳಿದವರಿಗೂ ಕಲಿಸಲಿ."

"ಅವರು ಬ್ಯಾಡ್ರಿ ಸರ್."

"ಯಾಕಮ್ಮ? ಅಂಥ ಶೂಟರ್ ಸಿಗೋದೇ ಕಷ್ಟ."

ನೀಲವ್ವ ಖಾಲಿ ಪಿಸ್ತೂಲನ್ನು ಸೊಂಟದ ಚೀಲಕ್ಕೆ ಸೇರಿಸಿದಳು.

"ಅವರು ಶೂಟರ್ ಅಲ್ರಿ ಸರ್. ದಿನಾ ಕುಡದ ಬರ್ತಾರ."