ಏಳು, ಎರಡು

ಚಂದ್ರನ ಮೇಲಿನ ಆ ಊರಿನಲ್ಲಿ ಗಾಳಿ ಎಲ್ಲರಿಗೂ ಸಾಲುತ್ತಿರಲಿಲ್ಲ. ಅದಕ್ಕೇ ಪ್ರತಿ ಸೋಮವಾರ ಯಂತ್ರವೊಂದು ಊರಿನ ಗ್ರಾಫ್ ಹಾಳೆಯ ಮೇಲೆ ಒಂದು ಚುಕ್ಕೆ ಇಡುತ್ತಿತ್ತು. ಆ ಚುಕ್ಕೆಯ ನಿರ್ದೇಶಾಂಕಗಳನ್ನು ಓದಿ, ಅಲ್ಲಿರುವ ಮನೆಯ ಗಾಳಿ ನಿಲ್ಲಿಸುವುದು ನಿವೃತ್ತ ಗಣಿತ ಮೇಷ್ಟ್ರು ಗುರುಮಲ್ಲಪ್ಪನವರ ಕೆಲಸ. ಹನ್ನೊಂದು ವರ್ಷಗಳಲ್ಲಿ ಅವರು ಒಮ್ಮೆಯೂ ತಪ್ಪಿರಲಿಲ್ಲ.

ಈ ಸೋಮವಾರ ಚುಕ್ಕೆ ಮೂಲಬಿಂದುವಿನಿಂದ ಬಲಕ್ಕೆ ಎರಡು, ಮೇಲಕ್ಕೆ ಏಳು ಮನೆ ದೂರದಲ್ಲಿ ಬಿದ್ದಿತ್ತು. ಅದು ಅವರ ಮಗಳು ಚಂಪಾಳ ಮನೆ. ಅಡ್ಡ ಅಳತೆ ಮೊದಲು, ಮೇಲಿನ ಅಳತೆ ಆಮೇಲೆ ಎಂದು ಸಾವಿರಾರು ಮಕ್ಕಳಿಗೆ ಕಲಿಸಿದ್ದ ಮೇಷ್ಟ್ರು, ಅಂದು ತಿರುವುಮುರುವಾಗಿ “ಏಳು, ಎರಡು” ಎಂದು ಬರೆದರು.

ನಿಯಮದಂತೆ ಬರೆದ ಅಂಕಿಯ ಮನೆಗೆ ಫೋನ್ ಮಾಡಿ ತಿಳಿಸಬೇಕಿತ್ತು. ಎತ್ತಿಕೊಂಡ ಹೆಂಗಸು ಸುದ್ದಿ ಕೇಳಿ ಅಳತೊಡಗಿದಳು.

“ಮನೇಲಿ ಮೂರು ಮಕ್ಕಳಿದಾರೆ ಸಾರ್. ಇನ್ನೊಂದ್ಸಲ ಸರಿಯಾಗಿ ನೋಡಿ.”

ಮೇಷ್ಟ್ರು ಹಾಳೆಯ ಕಡೆ ಕಣ್ಣೆತ್ತದೆ, “ನೋಡ್ದೆ ಕಣಮ್ಮ. ಏಳು, ಎರಡು,” ಎಂದರು.

ಆ ಕಡೆ ಅಳು ನಿಂತಿತು. “ಗುರುಮಲ್ಲಪ್ಪ ಮೇಷ್ಟ್ರಾ? ನಾನು ಸುಗುಣ ಸಾರ್, ನಿಮ್ಮ ಹತ್ರ ಲೆಕ್ಕ ಕಲಿತವಳು.”

“ಹೂಂ, ನಾನೇ.”

“ಬೇರೆ ಯಾರಾದ್ರೂ ಆಗಿದ್ರೆ ಜಗಳ ಆಡ್ತಿದ್ದೆ. ನೀವು ಓದಿದ್ಮೇಲೆ ತಪ್ಪಿರಲ್ಲ ಬಿಡಿ. ಮಕ್ಕಳಿಗೆ ಹೇಳ್ತೀನಿ,” ಎಂದು ಅವಳು ಫೋನಿಟ್ಟಳು.

ಮೇಷ್ಟ್ರು ರಿಸೀವರ್ ಕೆಳಗಿಟ್ಟರು. ಆಮೇಲೆ ಏಳು, ಎರಡರ ಮನೆಯ ಗಾಳಿ ನಿಲ್ಲಿಸುವ ಗುಂಡಿ ಒತ್ತಿದರು.