ರಾತ್ರಿ ಅವ್ವ ಬಂದಿದ್ದಳೇ?

ಒಂದೇ ಸೂರಿನಡಿ ಮಲಗಿದವರ ಕನಸುಗಳು ಅದಲುಬದಲಾಗುವುದು ಧಾರವಾಡದಲ್ಲಿ ಯಾರಿಗೂ ಹೊಸದಲ್ಲ. ಹಾಗಾಗಿ ನೀಲಗಂಗಾ ತನ್ನ ಮನೆಯಲ್ಲಿದ್ದು ಓದುವ ಪರದೇಶದ ಹುಡುಗಿಯರಿಗೆ ಬೆಳಿಗ್ಗೆ ಚಹಾದ ಜೊತೆಗೆ ಅವರವರ ಕನಸನ್ನೂ ಒಪ್ಪಿಸಿಬಿಡುತ್ತಿದ್ದಳು. ಹೋದ ವರ್ಷದ ವಿಯೆಟ್ನಾಮಿನ ಹುಡುಗಿಯ ದೆಸೆಯಿಂದ ರಾತ್ರಿಯಿಡೀ ಕನಸಿನಲ್ಲಿ ದೋಣಿ ನಡೆಸಿ ನೀಲಗಂಗಾಳ ತೋಳು ನೋಯುತ್ತಿದ್ದವು. ಅವಳ ಗಂಡನಿಗೆ ಕನಸೇ ಬೀಳುತ್ತಿರಲಿಲ್ಲ, ಆ ಮಾತು ಬೇರೆ.

ಈ ವರ್ಷ ಇಥಿಯೋಪಿಯಾದ ಅಲ್ಮಾಜ್ ಬಂದಿದ್ದಳು. ಚಳಿಗಾಲದಲ್ಲಿ ಊರಲ್ಲಿ ಅವಳ ತಾಯಿ ತೀರಿಕೊಂಡಳು. ಮುಖ ನೋಡಲು ಹೋಗುವುದಕ್ಕೂ ಆಗಲಿಲ್ಲ. ಅಂದಿನಿಂದ ದಿನಾ ಅದೇ ಪ್ರಶ್ನೆ.

“ಕಾಕು, ರಾತ್ರಿ ನನ್ನ ಅವ್ವ ಬಂದಿದ್ಲೇನು?”

ಮೊದಮೊದಲು ಬರುತ್ತಿದ್ದಳು. ಈಚೆಗೆ ಇಲ್ಲ. ನಿನ್ನೆ ರಾತ್ರಿಯೂ ನೀಲಗಂಗಾಳಿಗೆ ಕಂಡದ್ದು ಆರಿದ ಒಲೆ, ಖಾಲಿ ಮನೆ, ಅಷ್ಟೆ.

“ಬಂದಿದ್ಲವಾ,” ಎಂದಳು ರೊಟ್ಟಿ ತಿರುವಿ ಹಾಕುತ್ತ. “ಬಿಳೇ ಶಾಲು ಹೊದ್ಕೊಂಡು ಕಾಫಿಬೀಜ ಹುರಿಯಾಕತ್ತಿದ್ಲು. ನನ್ನ ಮಗಳು ಹೊಟ್ಟಿ ತುಂಬ ಉಣ್ತಾಳೇನು ಅಂತ ಕೇಳಿದ್ಲು.”

ಅಲ್ಮಾಜ್ ಎದ್ದು ಬಂದು ನೀಲಗಂಗಾಳ ಹಿಟ್ಟಿನ ಕೈ ಹಿಡಿದುಕೊಂಡಳು.

“ನಿನ್ನ ಕನಸು ನನಗ ಬಿತ್ತು, ಕಾಕು. ನಮ್ಮೂರಾಗ ಓಣಿ ಓಣಿ ತಿರಗಾಕತ್ತಿದ್ದಿ. ಒಂದೊಂದ ಮನಿ ಬಾಗಲಾ ಬಡದು, ಅಲ್ಮಾಜ್‌ನ ಅವ್ವ ಎಲ್ಲಿದ್ದಾಳ ಅಂತ ಕೇಳ್ತಿದ್ದಿ. ಬರಿಗೈಲೆ ಹೋಗಬಾರದಂತ ಕಂಕುಳಾಗ ರೊಟ್ಟಿ ಗಂಟು ಬ್ಯಾರೆ.”

ನೀಲಗಂಗಾ ತನ್ನ ಸುಳ್ಳನ್ನೇ ಮರೆತಳು.

“ಸಿಕ್ಲೇನವಾ?”