ನಾಲ್ಕು ಬೀಜ ಕಡಿಮೆ

ಚನ್ನಬಸಯ್ಯ ಮಾಸ್ತರರು ಮೂರನೆಯ ಸಲ ಎಣಿಸಿದರು. ಲೆಕ್ಕ ಬದಲಾಗಲಿಲ್ಲ. ಜೋಳದ ತೆನೆ ಕಟ್ಟಿದ ಗಡಿಗೆಯಲ್ಲಿ ಹದಿನೆಂಟು ಹುಣಸೆಬೀಜ, ಹತ್ತಿಕಾಯಿ ಕಟ್ಟಿದ ಗಡಿಗೆಯಲ್ಲಿ ಹದಿನಾರು. ಬೆಳಿಗ್ಗೆ ಹಂಚಿದ್ದು ಮಾತ್ರ ಮೂವತ್ತೆಂಟು ಮಕ್ಕಳಿಗೆ ಮೂವತ್ತೆಂಟು ಬೀಜ.

ಜೋಳದ ತೆನೆ ಗೌಡರ ಮನೆಯ ರುಕ್ಮವ್ವನ ಗುರುತು. ಹತ್ತಿಕಾಯಿ ಸಾವಂತ್ರವ್ವನದು. ಎರಡು ಬೀಜದಿಂದ ಸೋತ ಸಾವಂತ್ರವ್ವ ಗಡಿಗೆಗಳ ಕಡೆ ನೋಡಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ತನ್ನ ಓಣಿಯ ನಾಲ್ವರನ್ನು ನೋಡಿದಳು.

ಆ ಊರು ಸಿಂದಗಿ ತಾಲ್ಲೂಕಿನದು. ಆಲಮೇಲದ ಬಸ್ಸು ಇಳಿದು ಎರಡು ಮೈಲಿ ನಡೆಯಬೇಕು. ಎಪ್ಪತ್ತನಾಲ್ಕರಲ್ಲಿ, ದಸರಾ ಸೂಟಿ ಮುಗಿಯುತ್ತಲೇ, ಮಕ್ಕಳು ತಮ್ಮ ಮುಖಂಡರನ್ನು ತಾವೇ ಆರಿಸಲಿ ಎಂದು ಮಾಸ್ತರರಿಗೆ ಹೊಳೆದಿತ್ತು. ಯಾರೂ ಮನೆಯಿಂದ ಕಳ್ಳಬೀಜ ತರಬಾರದೆಂದು ಬೀಜಗಳಿಗೆಲ್ಲ ಸುಣ್ಣ ಬಳಿದಿದ್ದರು. ಗೆದ್ದವರಿಗೆ ಮೂರೇ ಕೆಲಸ: ಗಂಟೆ ಹೊಡೆಯುವುದು, ಸಾಲು ನಿಲ್ಲಿಸುವುದು, ಕುಡಿಯುವ ನೀರಿನ ಕೊಡದಿಂದ ಚರಿಗೆಯಲ್ಲಿ ಮೊಗೆದು ಎಲ್ಲರಿಗೂ ನೀರು ಕೊಡುವುದು.

ಮೊದಲೆರಡು ಯಾರಿಗೆ ಬೇಕು? ಸಾವಂತ್ರವ್ವನ ಕಣ್ಣಿದ್ದದ್ದು ಮೂರನೆಯದರ ಮೇಲೆ. ಅವಳ ಓಣಿಯ ಮಕ್ಕಳು ಆ ಕೊಡ ಮುಟ್ಟುವಂತಿರಲಿಲ್ಲ. ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರಿಯುವ ತನಕ ಬೊಗಸೆ ಹಿಡಿದು ನಿಲ್ಲಬೇಕು. ಏಳನೆಯ ಇಯತ್ತೆಯ ತನಕ ಅವಳು ಹಾಗೆ ನಿಂತೇ ಬಂದಿದ್ದಳು. ಒಂದು ವರ್ಷವಾದರೂ ಚರಿಗೆ ತನ್ನ ಕೈಯಲ್ಲಿರಲಿ ಎಂದು ಅವಳ ಜೀವ ತುಡಿಯುತ್ತಿತ್ತು.

ಅದಕ್ಕಾಗಿ ವಾರವಿಡೀ ಓಡಾಡಿದ್ದಳು. ಸಣ್ಣವರಿಗೆ ಮಗ್ಗಿ ಹೇಳಿಕೊಟ್ಟಳು, ಜಗಳ ಬಿಡಿಸಿದಳು, ಗೌಡರ ಓಣಿಯ ಮಕ್ಕಳ ಮನಸ್ಸನ್ನೂ ಗೆದ್ದಳು. ಮನೆಯಲ್ಲಂತೂ ಹತ್ತಿಕಾಯಿಯ ಗಡಿಗೆಯದೇ ಮಾತು. ಅವಳ ಅವ್ವ ಹುಲಿಗೆವ್ವ ಅದೇ ಶಾಲೆಯ ಕಸ ಗುಡಿಸುವವಳು. ಮಗಳ ಮಾತು ಕೇಳುತ್ತ, ಗಂಡನ ಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಳು. ನೀರಿಲ್ಲದ ವರ್ಷ ಊರ ಬಾವಿಗೆ ಕೊಡ ಇಳಿಬಿಟ್ಟು ಏಟು ತಿಂದ ಆ ಮನುಷ್ಯ ಅಂದಿನಿಂದ ಒಂದು ಕಾಲು ಎಳೆದೇ ನಡೆಯುತ್ತಿದ್ದ.

ಬೀಜ ಹಾಕದವರು ಯಾರು ಎಂದು ಮಾಸ್ತರರು ಕೇಳಿದರು. ಎಲ್ಲರೂ ಹಾಕಿದ್ದೇವೆ ಎಂದರು. ಊಟದ ಬಿಡುವಿನಲ್ಲಿ ಎಂದಿನಂತೆ ಕಸ ಹೊಡೆಸಿ, ಗಡಿಗೆಗಳಿದ್ದ ಕೋಣೆಗೆ ಕೀಲಿ ಹಾಕಿದ್ದು ತಾವೇ. ಒಬ್ಬ ಹುಡುಗನೂ ಒಳಗೆ ಕಾಲಿಟ್ಟಿಲ್ಲ. ಮನಸ್ಸಿಲ್ಲದವರು ಬೀಜ ಕಿಸೆಯಲ್ಲೇ ಇಟ್ಟುಕೊಂಡಿರಬೇಕು, ಅದೂ ಅವರ ಹಕ್ಕೇ ಎಂದು ಹೇಳಿ ಚರಿಗೆಯನ್ನು ರುಕ್ಮವ್ವನ ಕೈಗಿತ್ತರು.

ಕಡಿಮೆ ಬಿದ್ದದ್ದು ನಾಲ್ಕು. ಓಣಿಯವರು ನಾಲ್ವರು. ನಾಲ್ವರ ಮನೆಯವರೂ ಗೌಡರ ಹೊಲದಲ್ಲೇ ದುಡಿಯುವವರು. ಈ ಲೆಕ್ಕ ಬಿಡಿಸಲು ಸಾವಂತ್ರವ್ವನಿಗೆ ಮಾಸ್ತರರು ಬೇಕಾಗಿರಲಿಲ್ಲ.

ಅಂಗಳದಲ್ಲಿ ಅವಳು ಚಂದಪ್ಪನನ್ನು ಅಡ್ಡಗಟ್ಟಿದಳು. ನಾಲ್ವರಲ್ಲಿ ಅವನೇ ಹಿರಿಯ, ಒಂದೇ ಪಾಟಿಯಲ್ಲಿ ಅವಳೊಂದಿಗೆ ಅಕ್ಷರ ಕಲಿತವನು.

"ನಮ್ಮವ್ವನ ಆಣಿ, ನಾವು ನಾಲ್ಕೂ ಮಂದಿ ಹತ್ತಿ ಗಡಿಗ್ಯಾಗ ಹಾಕೇವಿ," ಎಂದ.

"ಹಾಕಿದ್ದು ಹಾರಿ ಹೋದುವೇನು?"

ಚಂದಪ್ಪನ ಮುಖ ಸಣ್ಣದಾಯಿತು. ಕೇಳಿಸಿಕೊಂಡ ಮಾಸ್ತರರು ಹತ್ತಿರ ಬಂದು, "ಮುಂದ ನಿಲ್ಲಾಕಿ ಮೊದಲ ತನ್ನ ಮಂದೀನ ನಂಬಬೇಕವ್ವ," ಎಂದರು. ನಂಬಿದ್ದಕ್ಕೇ ಹೀಗಾಯಿತಲ್ಲ ಎಂದುಕೊಂಡು ಅವಳು ಮನೆಯ ದಾರಿ ಹಿಡಿದಳು.

ಮನೆಗೆ ಬಂದು ಅವ್ವನ ಮಡಿಲಲ್ಲಿ ಮುಖವಿಟ್ಟು ಅತ್ತಳು. ಹುಲಿಗೆವ್ವ ಬಹಳ ಹೊತ್ತು ತಲೆ ನೇವರಿಸಿದಳು. "ಸೋತ್ರ ಸೋತಿ, ಬಿಡವ್ವ. ಕೈಕಾಲು ಗಟ್ಟಿ ಅದಾವಲ್ಲ, ಅಷ್ಟ ಸಾಕು." ಇಡೀ ಊರಿನಲ್ಲಿ ತನ್ನ ಕಡೆಗಿರುವವಳು ಇವಳೊಬ್ಬಳೇ ಎನಿಸಿ ಸಾವಂತ್ರವ್ವ ಇನ್ನಷ್ಟು ಅತ್ತಳು.

ಆ ನಾಲ್ವರ ಜೊತೆ ಅವಳು ಮಾತು ಬಿಟ್ಟಳು. ಐದನೆಯ ದಿನ ಬೆಳಿಗ್ಗೆ ಚಂದಪ್ಪ ಬಾಗಿಲಿಗೆ ಬಂದ. ಅವನ ಮನೆಮಂದಿಯೆಲ್ಲ ಕಬ್ಬು ಕಡಿಯಲು ಗಟ್ಟದ ಮೇಲಿನ ದೂರದ ಸೀಮೆಗೆ ಹೊರಟಿದ್ದರು. ಅವನ ಕೈಗೂ ಕೊಯ್ತದ ಕತ್ತಿ ಬಂದಿತ್ತು. ಹಾಗೆ ಹೋದ ಹುಡುಗರು ಮತ್ತೆ ಪಾಟಿ ಹಿಡಿದದ್ದನ್ನು ಆ ಓಣಿ ಕಂಡಿರಲಿಲ್ಲ.

"ಸಾವಂತ್ರಿ, ಹೋಗಿ ಬರ್ತೇನಿ," ಎಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಎಂದ.

ಅವಳು ಒಳಗೆ ಗೋಡೆಗೆ ಮುಖ ಮಾಡಿ ಕೂತಳು. ಜೋಳ ಬೀಸುತ್ತಿದ್ದ ಹುಲಿಗೆವ್ವನ ಕೈ ನಿಂತಿತು.

"ಹೋಗವ್ವ, ಒಂದು ಮಾತಾಡಿ ಬಾ. ಆ ಹುಡುಗಂದೇನೂ ತಪ್ಪಿಲ್ಲ."

ಅವಳು ಏಳಲಿಲ್ಲ. ಹೊರಗೆ ಚಕ್ಕಡಿ ಹೊರಟ ಸದ್ದು ಕೇಳಿಸಿತು.

ಎಂಟನೆಯ ದಿನ ಹುಲಿಗೆವ್ವ ಜ್ವರ ಬಂದು ಮಲಗಿದಳು. ಶಾಲೆಗೆ ಉಟ್ಟು ಹೋಗುವ ಅವಳ ಸೀರೆಯನ್ನು ಎತ್ತಿಕೊಂಡು ಸಾವಂತ್ರವ್ವ ಹಳ್ಳಕ್ಕೆ ಹೋದಳು. ನೀರಿಗೆ ಹಾಕುವ ಮೊದಲು, ಅವ್ವನ ಎಲೆಅಡಿಕೆ ನೆನೆಯದಿರಲೆಂದು ಸೆರಗಿನ ತುದಿಯ ಗಂಟು ಬಿಚ್ಚಿದಳು.

ಎಲೆಅಡಿಕೆ ಇರಲಿಲ್ಲ, ಅಂಗೈ ಮೇಲೆ ಬಿದ್ದದ್ದು ಸುಣ್ಣ ಬಳಿದ ನಾಲ್ಕು ಹುಣಸೆಬೀಜ.